ನಾವು ಎಂಬ ಎರಡು ಮಾತು

ನೆನೆಸಿಟ್ಟ ಹುಲ್ಲಿನ ಪರಿಮಳ ಮೆಲ್ಲಗೆ ಏಳುತ್ತಿದೆ, ಸಿಹಿ ಸಿಹಿ, ನನ್ನ ಮಗಳು ಹುಟ್ಟಿದಾಗ ಅವಳ ನೆತ್ತಿಗಿದ್ದ ವಾಸನೆಯೇ — ಅಮ್ಮ ಕಿಟಕಿಯ ಬಳಿ ಕೂತು ಬುಟ್ಟಿಯ ಅಂಚಿಗೆಂದು ಆ ಹುಲ್ಲನ್ನು ಜಡೆ ಹೆಣೆಯುತ್ತಿದ್ದಾಳೆ, ನಾನು ತಟ್ಟೆ ತೊಳೆಯುತ್ತಿದ್ದೇನೆ, ಹೊರಗೆ ನಮ್ಮೂರು ಓಡನಾಕ್‌ನ ನದಿ ಹರಿದಂತೆಯೂ ಇದೆ, ನಿಂತಂತೆಯೂ ಇದೆ, ಸೆಸಿಲ್ ಚಿಕ್ಕಮ್ಮ ತೀರಿಕೊಂಡು ಮೂರು ತಿಂಗಳು, ಅಮ್ಮನ ಜೊತೆ ನಮ್ಮ ಬುಡಕಟ್ಟಿನ ಭಾಷೆ ಅಬೆನಾಕಿ ಮಾತಾಡುವವರು ಮನೆಯಲ್ಲಿ ಇನ್ಯಾರೂ ಇಲ್ಲ, ನನ್ನೊಂದಿಗೆ ಮೊದಲಿನಿಂದಲೂ ಬರೀ ಫ್ರೆಂಚ್, ಉಪ್ಪು ಕೊಡು, ಬಾಗಿಲು ಹಾಕು. ನನ್ನ ಚಿಕ್ಕಂದಿನಲ್ಲಿ ಅಕ್ಕತಂಗಿಯರಿಬ್ಬರೂ ಇದೇ ಮೇಜಿಗೆ ಬಾಗಿ ತಲೆಗೆ ತಲೆ ತಾಗಿಸಿ ನಗುತ್ತಿದ್ದರು, ಏನಮ್ಮ ಎಂದರೆ ಅಮ್ಮ ನಿಯೋನಾ ಎನ್ನುತ್ತಿದ್ದಳು, ಹೊರಗೆ ಹೋಗಿ ಆಡಿಕೋ ಎಂದು ಅರ್ಥವಿರಬೇಕೆಂದು ನಾನು ಅಂಗಳಕ್ಕೆ ಓಡುತ್ತಿದ್ದೆ, ಕೋಳಿಗಳನ್ನೂ ನಿಯೋನಾ ನಿಯೋನಾ ಎಂದೇ ಅಟ್ಟುತ್ತಿದ್ದೆ, ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತ, ನೋಡಕ್ಕ, ನಿನ್ನ ಮಗಳು ಕೋಳಿಗಳಿಗೆ ಪಾಠ ಮಾಡ್ತಿದಾಳೆ — ಹೋದ ಬುಧವಾರ, ನಾನೀಗ ಅಬೆನಾಕಿ ಕಲಿಯಲು ಹೋಗುವ ಸಂಜೆಯ ತರಗತಿಯಲ್ಲಿ, ಮೇಷ್ಟ್ರು ಹಲಗೆಯ ಮೇಲೆ ಬರೆದರು, ನಮ್ಮ ಭಾಷೆಯಲ್ಲಿ ನಾವು ಎನ್ನುವುದಕ್ಕೆ ಎರಡು ಮಾತು, ಎದುರಿಗಿದ್ದವರನ್ನು ಸೇರಿಸಿಕೊಂಡರೆ ಕಿಯೋನಾ, ಬಿಟ್ಟರೆ ನಿಯೋನಾ. ನಾವು, ನೀನಲ್ಲ. ನಲವತ್ತೊಂದು ವರ್ಷದವಳು ಪೆನ್ನು ಹಿಡಿದು ಕೂತಲ್ಲೇ ಮತ್ತೆ ಅಂಗಳದಲ್ಲಿ ನಿಂತಿದ್ದೆ.

ಕೇಳಿಬಿಡಲೇ, ಯಾಕಮ್ಮ ನನ್ನ ಹೊರಗಿಟ್ಟೆ ಎಂದು, ಬೇಡ, ನೀರು ಕುದಿಯುತ್ತಿದೆ, ಚಹಾ ಕುಡಿಯೋಣ ಎಂಬುದನ್ನು ಅವಳ ಮಾತಿನಲ್ಲೇ ಬಾಯಿಪಾಠ ಮಾಡಿಟ್ಟಿದ್ದೇನೆ, ಕಿಯೋನಾದಿಂದ ಶುರು, ಕಿಯೋನಾ, ಮರೆಯಬಾರದು, ಬಾಯಿ ತೆರೆದರೆ ಜಾರಿದ್ದು ನಿಯೋನಾ. ಅಮ್ಮನ ಬೆರಳು ನಿಂತವು. ಓಹೋ, ಹಂಗಾದ್ರೆ ನಂಗೆ ಚಹಾ ಇಲ್ವೇನೆ, ಯಾರ ಜೊತೆ ಕುಡೀತೀಯ, ಆ ನಲ್ಲಿ ಜೊತೆನಾ. ನನಗೆ ನಗು, ಕಣ್ಣೂ ಉರಿ, ನೀನೇ ಕಲಿಸಿದ್ದಲ್ವಾ ಎಂದೆ, ನಂಗೆ ನೀನು ಯಾವತ್ತೂ ಅದೊಂದನ್ನೇ ಹೇಳಿದ್ದು. ಅವಳು ಅರ್ಧ ಹೆಣೆದ ಜಡೆಯನ್ನು ಬುಟ್ಟಿಯೊಳಗಿಟ್ಟಳು, ಆಮೇಲೆ, ನಮ್ಮ ಮಾತಿನ ಎಳೆ ನಾಲಿಗೇಲಿದ್ರೆ ಪೇಟೇಲಿ ಕೆಲಸ ಕೊಡ್ತಿರ್ಲಿಲ್ಲ ಕಣೆ, ನೀನಾದ್ರೂ ಹಗುರಾಗಿರ್ಲಿ ಅಂತ — ಅಲ್ಲಿಗೇ ಬಿಟ್ಟು, ಬಾ ಇಲ್ಲಿ, ಆ ಕೈ ಒರೆಸ್ಕೋ, ನನ್ನ ಬಾಯಿ ನೋಡು. ಕಿಯೋ. ತುಟಿ ದುಂಡಗಾಗುತ್ತದೆ, ನನಗೆ ಮೆಕ್ಕೆಜೋಳದ ಗಂಜಿ ತಿನ್ನಿಸುವಾಗ ತಾನೂ ಹೀಗೇ ಬಾಯಿ ತೆರೆಯುತ್ತಿದ್ದಳೇನೋ, ನನ್ನ ಮಗಳಿಗೆ ತಿನ್ನಿಸುವಾಗ ನಾನು ತೆರೆದಂತೆ, ಕಿಯೋ, ಇನ್ನೊಂದ್ಸಲ, ತೆರೆದ ಬಾಯಿ, ಕಿಯೋ, ಎರಡು ಹಲ್ಲು ಬಿದ್ದ ಜಾಗ, ನನ್ನದೂ ತೆರೆದಿದೆ, ಚಮಚವಿಲ್ಲ, ಗಂಜಿಯಿಲ್ಲ, ಅಮ್ಮನ ತೆರೆದ ಬಾಯಿ, ತೆರೆದ ಬಾಯಿ