ಅಟ್ಟದ ತೊಲೆ

"ತಲೆ ಬಗ್ಸಿ, ತಲೆ!" ಎಂದು ಗರಗಸ ಕೂಗಿದ. ಬಡಗಿಯ ಹೆಣವನ್ನು ಅಟ್ಟದ ಕೋಣೆಯಿಂದ ಮೆಟ್ಟಿಲಿನ ಕಡೆ ಹೊತ್ತು ತರುತ್ತಿದ್ದ ನಾಲ್ವರೂ ಒಟ್ಟಿಗೆ ಬಗ್ಗಿದರು. ಹೆಣ ಒಂದು ಪಕ್ಕಕ್ಕೆ ವಾಲಿತು. ಸಾವರಿಸಿಕೊಂಡು ಮೇಲೆ ನೋಡಿದರೆ ಅಲ್ಲಿ ತೊಲೆಯೇ ಇಲ್ಲ.

ಹತ್ತಿ ಬರುವಾಗಲೂ ಎಲ್ಲರೂ ಬಗ್ಗಿಕೊಂಡೇ ಬಂದಿದ್ದರು. ಅಂಥ ಹೊತ್ತಿನಲ್ಲಿ ಮೇಲೆ ಯಾರು ನೋಡುತ್ತಾರೆ?

"ತೊಲೆ ಎಲ್ಲಿ?" ಎಂದ ಗರಗಸ. ಬಡಗಿಯ ಜೊತೆ ಮೂವತ್ತು ವರ್ಷ ಮರ ಕೊಯ್ದವನು. ಮರ ಕೊಯ್ದಂಥ ಕರ್ಕಶ ದನಿಯಿಂದಾಗಿ ಆ ಅಡ್ಡಹೆಸರು ಬಿದ್ದಿತ್ತು. "ಇವನಿಗೇನು ತಲೆ ಕೆಟ್ಟಿತ್ತಾ?"

"ಮೊದ್ಲು ಕೆಳಗಿಳ್ಸು ಮಾರಾಯ, ಆಮೇಲೆ ಮಾತು" ಎಂದು ಬಡಗಿಯ ತಮ್ಮ ಗದರಿದ.

ಬಗ್ಗದೆ ನೆಟ್ಟಗೆ ನಡೆದು ಬಂದವಳು ಮಗಳೊಬ್ಬಳೇ. ನಾಲ್ಕು ವರ್ಷದ ಮೇಲೆ ಅವತ್ತು ಬೆಳಿಗ್ಗೆಯಷ್ಟೇ ಬಂದಿದ್ದಳು. ಈ ಮನೆಯ ಅಭ್ಯಾಸ ಅವಳಿಗೆ ತಪ್ಪಿಹೋಗಿತ್ತು.

*

ಅವಳಿಗೆ ಹತ್ತು ವರ್ಷವಾಗಿದ್ದಾಗ ತನಗೊಂದು ಕೋಣೆ ಬೇಕೆಂದು ಹಟ ಹಿಡಿದಳು. ಎರಡೇ ಕೋಣೆಯ ಮನೆ. ಉಳಿದಿದ್ದು ಹಳೇ ಪೆಟ್ಟಿಗೆ ತುಂಬಿದ್ದ ಅಟ್ಟ. ಬಡಗಿ ಅದಕ್ಕೆ ಹಲಗೆ ಹಾಸಿ, ಕಿಟಕಿ ಇಟ್ಟು, ಮೆಟ್ಟಿಲು ಕಟ್ಟಿದ. ಅಡ್ಡಕ್ಕೆ ತೊಲೆಯೊಂದಿತ್ತು. ಮಗಳನ್ನು ಅದರ ಕೆಳಗೆ ನಿಲ್ಲಿಸಿದ. ನೆತ್ತಿಯ ಮೇಲೆ ಒಂದು ಗೇಣು ಜಾಗ ಉಳಿಯಿತು.

"ಸಾಕು ಬಿಡು" ಎಂದ. ಊರವರ ಬಾಗಿಲಿಗೆಲ್ಲ ಕೂದಲೆಳೆಯಷ್ಟು ಲೆಕ್ಕ ಹಾಕುತ್ತಿದ್ದವನಿಗೆ, ಮಕ್ಕಳು ಬೆಳೆಯುತ್ತಾರೆ ಎಂಬುದು ಹೊಳೆಯಲಿಲ್ಲ.

ಆಮೇಲೆ ಆ ತೊಲೆಗೆ ತಲೆ ಕೊಡದವರೇ ಇಲ್ಲ. "ನಿಮ್ಮ ಮನೆಗೆ ಬಂದವ್ರೆಲ್ಲ ತಲೆ ತಗ್ಸೇ ಹೋಗ್ಬೇಕು" ಎಂದು ಪಕ್ಕದ ಮನೆಯವರು ನಗುತ್ತಿದ್ದರು.

*

ನಾಲ್ಕು ವರ್ಷದ ಹಿಂದೆ ಬಂದಾಗ ಮಗಳ ಹಣೆ ಒಡೆದು ರಕ್ತ ಬಂತು. ಹೋದವಳು ಮತ್ತೆ ಬರಲಿಲ್ಲ. ಬರದಿರಲು ದೊಡ್ಡ ಕಾರಣವೇನೂ ಇರಲಿಲ್ಲ, ಜಗಳವೂ ಆಗಿರಲಿಲ್ಲ. ಅಪ್ಪ ಅಮ್ಮನ ಜೊತೆ ಎರಡು ದಿನ ಕಳೆಯುವುದು ಬೇಜಾರು, ಅಷ್ಟೇ. ಫೋನಿನಲ್ಲಿ ಅದನ್ನು ಹೇಳುವುದು ಹೇಗೆ?

"ಆ ತೊಲೆ ಇರೋವರ್ಗೂ ನಾನಲ್ಲಿ ಮಲಗಲ್ಲಪ್ಪ" ಎಂದು ಒಂದು ತಿಂಗಳ ಹಿಂದೆ ಅಪ್ಪ ಫೋನ್ ಮಾಡಿದಾಗ ಹೇಳಿದ್ದಳು.

"ಅದನ್ನ ಮೇಲಕ್ಕೆ ಎತ್ತಿ ಹಾಕಿದ್ರೆ ಬರ್ತೀಯಾ?"

"ಹೂಂ, ಬರ್ತೀನಿ. ಒಂದು ತಿಂಗ್ಳು ಇರ್ತೀನಿ."

"ಈಗ ಎಷ್ಟು ಎತ್ತರ ಇದ್ದೀಯಮ್ಮ?"

"ಎಲ್ರಷ್ಟೇ ಅಪ್ಪ. ಇಡ್ಲಾ?"

*

ಮಣ್ಣು ಮಾಡಿ ಬಂದವನೇ ಗರಗಸ ಕೈಕಾಲನ್ನೂ ತೊಳೆಯದೆ ಅಟ್ಟ ಹತ್ತಿದ. ಬಡಗಿಯ ಹೆಂಡತಿ, ಮಗಳು ಹಿಂದೆಯೇ ಹೋದರು. ಹಳೇ ತೊಲೆ ಗೋಡೆ ಬದಿಯಲ್ಲಿ ಮಲಗಿತ್ತು. ತಲೆಯಿಂದ ಎಷ್ಟೋ ಮೇಲೆ, ಸೂರಿನ ಹತ್ತಿರ, ಹೊಸ ಮರದ ಗಿಡ್ಡ ತುಂಡೊಂದನ್ನು ಬಡಗಿ ಕೂರಿಸಿದ್ದ. ಗೋಡೆಗೂ ಹಲಗೆಗೂ ನಡುವೆ ಬಿಟ್ಟಿದ್ದ ಬಿರುಕಿನಲ್ಲಿ ಗರಗಸ ಬೆರಳಿಟ್ಟ. ಬೆರಳು ಒಳಗೆ ಹೋಯಿತು.

"ಈ ತೊಲೆನೇ, ಅತ್ತಿಗೆ, ಎರಡೂ ಗೋಡೆ ಹಿಡ್ಕೊಂಡಿದ್ದು. ತೆಗೆದ್ರೆ ಸೂರು ಕೂತ್ಕೊಳ್ಳುತ್ತೆ ಅಂತ ನಂಗೆ ಕಲಿಸ್ದೋನೇ ಅವನು. ನನ್ನ ಯಾಕೆ ಕರೀಲಿಲ್ಲ?"

"ನೀವು ಬೇಡ ಅಂತೀರಾ ಅಂತ. ಆ ಕಡೆ ತುದಿ ನಾನೇ ಹಿಡ್ಕೊಂಡಿದ್ದೆ" ಎಂದಳು ಹೆಂಡತಿ. "ಮೊನ್ನೆ ಮುಗೀತು. ನಿನ್ನೆ ಇವಳ ಮಂಚಕ್ಕೆ ಮರಳು ಕಾಗದ ತಿಕ್ತಾ ಎದೆ ಹಿಡ್ಕೊಂಡು ಕೂತ್ರು."

"ಇವತ್ತೇ ವಾಪಸ್ ಹಾಕ್ಬೇಕು."

"ಬೇಡ." ಹೆಂಡತಿ ಗರಗಸನಿಗೆ ಅಡ್ಡ ನಿಂತಳು. "ಜೀವ ಕೊಟ್ಟು ಮಾಡಿದ್ದು. ಇವಳು ಬಂದಿದ್ದಾಳೆ, ತಿಂಗ್ಳು ಇರ್ತಾಳೆ. ಇರ್ತೀಯಲ್ಲ?"

ಮಗಳು ನೆಲ ನೋಡಿದಳು. ಈಗಲೂ ಒಂದು ಸುಳ್ಳು ಹೇಳಬಹುದಿತ್ತು. ಆದರೆ ಆ ಸುಳ್ಳಿನ ಕೆಳಗೆ ಅಮ್ಮ ಮಲಗಬೇಕಾಗುತ್ತಿತ್ತು.

"ಅಮ್ಮ... ನಾನು ಬಾಯಿಮಾತಿಗೆ ಹೇಳಿದ್ದು. ಬರೋ ಮನಸ್ಸಿರ್ಲಿಲ್ಲ."

ಹೆಂಡತಿ ಗರಗಸನ ದಾರಿಯಿಂದ ಪಕ್ಕಕ್ಕೆ ಸರಿದಳು. "ನಿಮ್ಮಪ್ಪಂಗೆ ಗೊತ್ತಿತ್ತು" ಎಂದಳು. "ಇರ್ಲಿ ಬಿಡು, ಒಂದು ನೆಪ ಆದ್ರೂ ಕಡಿಮೆ ಆಗ್ಲಿ ಅಂದ್ರು." ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು. ಇಳಿಯುವಾಗ ತಿರುಗಿ ನೋಡಲಿಲ್ಲ.

ಗರಗಸ ಒಂದು ತುದಿ ಎತ್ತಿದ, ಬಡಗಿಯ ತಮ್ಮ ಬಂದು ಇನ್ನೊಂದು ತುದಿಗೆ ಭುಜ ಕೊಟ್ಟ. ಮಗಳು ನಡುವೆ ನಿಂತು ಎರಡೂ ಕೈಯಿಂದ ಎತ್ತಿ ಹಿಡಿದಳು. ಗೋಡೆ ಸರಿದಿದ್ದರಿಂದ ಹಳೇ ತೂತುಗಳು ಹೊಂದಲಿಲ್ಲ; ಪಕ್ಕದಲ್ಲಿ ಹೊಸದು ಕೊರೆದು ಬೋಲ್ಟ್ ಬಿಗಿದರು. ತೊಲೆ ಮೊದಲಿದ್ದ ಎತ್ತರಕ್ಕೇ ಬಂದು ಕೂತಿತು. ಹತ್ತು ವರ್ಷದ ಹುಡುಗಿ, ಮೇಲೊಂದು ಗೇಣು.

"ಆಯ್ತಮ್ಮ, ಕೈ ಬಿಡು" ಎಂದ ಗರಗಸ. ಇಬ್ಬರೂ ಬಗ್ಗಿ, ತೊಲೆ ದಾಟಿ, ಕೆಳಗೆ ಹೋದರು.

ಸ್ವಲ್ಪ ಹೊತ್ತಿನ ಮೇಲೆ ಮಗಳೂ ಹೊರಟಳು. ಬಗ್ಗಬೇಕೆಂಬುದು ಮರೆತೇ ಹೋಗಿತ್ತು. ಹಣೆ ತೊಲೆಗೆ ಬಡಿಯಿತು. ನೋವಾಗಲಿಲ್ಲ, ಮೆತ್ತಗಿತ್ತು. ತನ್ನ ಹಳೇ ಉಣ್ಣೆ ಸ್ವೆಟರಿನ ತೋಳನ್ನು ನಾಲ್ಕು ಮಡಿಕೆ ಮಾಡಿ, ಅವಳ ಹಣೆ ಒಡೆದಿದ್ದ ಜಾಗಕ್ಕೇ ಅಪ್ಪ ಸಣ್ಣ ಮೊಳೆ ಹೊಡೆದು ಕೂರಿಸಿದ್ದ; ಧೂಳು ಮೆತ್ತಿ ಅದು ಮರದ ಬಣ್ಣಕ್ಕೇ ತಿರುಗಿತ್ತು. ಮೊಳೆಗಳಿಗೆ ತುಕ್ಕು ಹಿಡಿದಿತ್ತು.

ಕೆಳಗಿನಿಂದ ಚಿಕ್ಕಪ್ಪ ಅವಳನ್ನು ಎರಡು ಸಲ ಕರೆದ. ಅವಳು ಹಣೆಯನ್ನು ಆ ತೋಳಿಗೆ ಒತ್ತಿಕೊಂಡು ಹಾಗೇ ನಿಂತಿದ್ದಳು.