ಹದಿನೇಳನೆಯ ಕೇಸ್

"ದೊಡ್ಡಮ್ಮ, ಇಲ್ಲೊಂದು ಕಡೆ ಬ್ರೇಕ್ ಹಾಕೋದೇ ಮರ್ತಿದೀರಿ," ಎಂದಳು ಹುಡುಗಿ, ಪರದೆಯಿಂದ ಕಣ್ಣು ತೆಗೆಯದೆ.

ಪಕ್ಕದ ಮೇಜಿನ ಹಿರಿಯ ಪ್ರೋಗ್ರಾಮರ್ ಆಫೀಸಿನಲ್ಲಿ ಎಲ್ಲರಿಗೂ ದೊಡ್ಡಮ್ಮ. ಬೆಳಗಿನಿಂದ ಅವರು ಹುಡುಗಿಯ ಪರದೆಯ ಕಡೆ ನೋಡದ ಹಾಗೆ ನೋಡುತ್ತಲೇ ಇದ್ದರು. ಕಣ್ಣಾಸ್ಪತ್ರೆಯ ರೋಗಿಗಳಿಗೆ ತಪಾಸಣೆಯ ದಿನ ನೆನಪಿಸುವ ಆ ಕೋಡನ್ನು ಬರೆದವರು ಅವರೇ. ಯಾರಿಗೆ ಮೆಸೇಜ್, ಯಾರಿಗೆ ಕಾಗದ, ಯಾರಿಗೆ ಫೋನ್ ಎಂಬುದೆಲ್ಲ ಒಂದೇ ಸ್ವಿಚ್‌ನೊಳಗೆ ಕೇಸ್ ಮೇಲೆ ಕೇಸ್, ಕೇಸಿನ ಕೊನೆಗೆ ಅಲ್ಲಿಗೇ ನಿಲ್ಲಿಸುವ ಬ್ರೇಕ್ ಎಂದು ಇಪ್ಪತ್ತು ವರ್ಷ ಬೆಳೆದು ಏಳುನೂರು ಸಾಲಾಗಿತ್ತು. ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಈಗ ಹುಡುಗಿ ಒಂದೊಂದು ಬಗೆಯ ರೋಗಿಗೂ ಒಂದೊಂದು ಕ್ಲಾಸ್ ಎಂಬ ಪ್ರತ್ಯೇಕ ತುಂಡು ಮಾಡಿ, ಹದಿನೆಂಟು ಕೇಸ್‌ಗಳನ್ನೂ ಬಿಡಿಸಿಟ್ಟಿದ್ದಳು. ಮಧ್ಯಾಹ್ನ ಅದು ಆಸ್ಪತ್ರೆಗೆ ಹೋಗಬೇಕು.

"ಕಾಗದ ಕಳಿಸಿ ನಿಲ್ಲದೆ ಕೆಳಗಿನ ಕೇಸಿಗೂ ಜಾರಿ ಫೋನೂ ಮಾಡ್ತಿತ್ತು. ನಾನು ಬರೀ ಕಾಗದ ಇಟ್ಕೊಂಡೆ."

"ಆ ಹದಿನೇಳನೇ ಕೇಸ್ ಯಾರದ್ದು, ಓದು."

"ದೃಷ್ಟಿ ತೀರಾ ಮಂದ ಇರೋರು..." ಹುಡುಗಿ ಆ ಸಾಲನ್ನು ಇನ್ನೊಮ್ಮೆ ಓದಿದಳು.

ದೊಡ್ಡಮ್ಮ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. "ಕಾಗದ ಮನೆಯವರಿಗೆ, ಫೋನ್ ಅವರಿಗೆ. ಮೊದಲು ಕಾಗದ ಒಂದೇ ಹೋಗ್ತಿತ್ತು. ಒಬ್ಬ ಮೇಷ್ಟ್ರು ಮೂರು ಸಲ ಬರಲೇ ಇಲ್ಲ. ಸೊಸೆ ಓದಿ ಹೇಳೋದು ಮರೆತಿದ್ಲಂತೆ. ಅದಕ್ಕೇ ಬ್ರೇಕ್ ಹಾಕದೆ ಬೇಕಂತಲೇ ಬಿಟ್ಟೆ."

"ಆದ್ರೆ ನನ್ನ ಟೆಸ್ಟ್ ಎಲ್ಲ ಪಾಸಾಯ್ತಲ್ಲ."

"ಟೆಸ್ಟ್ ಬರ್ದಿದ್ದೂ ನೀನೇ ಅಲ್ವಾ. ನಿನ್ನ ಮಾತು ಮೀರತ್ತಾ ಅದು?"

ಹುಡುಗಿಗೆ ನಗು ಬರಲಿಲ್ಲ. "ಹೀಗೇ ಹೋಗಿದ್ದಿದ್ರೆ?"

"ಈ ವಾರ ನಲವತ್ತೊಂದು ಜನಕ್ಕೆ ಫೋನ್ ಹೋಗ್ತಿರಲಿಲ್ಲ. ನೀನು ಹೇಳಿದ್ದು ಒಳ್ಳೇದಾಯ್ತು. ಯಾಕೆ ಬಿಟ್ಟೆ ಅಂತ ಒಂದು ಸಾಲು ಬರೆದಿಡದೆ ಇದ್ದಿದ್ದು ನನ್ನ ತಪ್ಪು ಕಣೇ."

ಹುಡುಗಿ ಆ ಕ್ಲಾಸನ್ನು ತೆರೆದು, ಕಾಗದ ಒಂದು ಸಾಲು, ಫೋನ್ ಒಂದು ಸಾಲು, ಯಾರಿಗಾದರೂ ಕಾಣುವ ಹಾಗೆ ಬರೆದಳು. ಆಮೇಲೆ ಕೀಬೋರ್ಡನ್ನು ದೊಡ್ಡಮ್ಮನ ಕಡೆ ಸರಿಸಿದಳು. "ಯಾಕೆ ಅನ್ನೋದನ್ನ ನೀವೇ ಬರೀರಿ."

ಅವರು ಬರೆದರು. ಬರೆದು ಮುಗಿಸಿ, ಹಳೆಯ ಏಳುನೂರು ಸಾಲನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, "ಇದನ್ನ ತೆಗೆದುಬಿಡು," ಎಂದರು.

"ನಿಮಗೆ ಬೇಜಾರಿಲ್ವಾ?"

"ಸ್ವಲ್ಪ ಇದೆ. ನೀನು ತೆಗಿ."

ಹುಡುಗಿ ಅಳಿಸಿದಳು. ಕೊನೆಯದಾಗಿ ಪರೀಕ್ಷೆಗೆಂದು ದೊಡ್ಡಮ್ಮನ ನಂಬರನ್ನೇ ರೋಗಿಯ ಜಾಗದಲ್ಲಿ ಹಾಕಿದಳು. ಮೇಜಿನ ಮೇಲೆ ಫೋನ್ ಬಡಿದುಕೊಂಡಿತು. ದೊಡ್ಡಮ್ಮ ಎತ್ತಿ ಕಿವಿಗಿಟ್ಟುಕೊಂಡರು. ಮಂಗಳವಾರ ಹತ್ತು ಗಂಟೆಗೆ ತಪಾಸಣೆ ಇದೆ, ಜೊತೆಗೆ ಒಬ್ಬರನ್ನು ಕರೆದುಕೊಂಡು ಬನ್ನಿ ಎಂದಿತು ಯಂತ್ರದ ದನಿ. ಅವರು ಅದನ್ನು ಕೊನೆಯವರೆಗೂ ಕೇಳಿಸಿಕೊಂಡರು.

"ಆಗ್ಲಿ, ಬರ್ತೀನಿ," ಎಂದು ಹೇಳಿ ಮೆಲ್ಲಗೆ ಫೋನ್ ಇಟ್ಟರು.