ಬಾಗಿಲ ಬಳಿಯ ಕಲ್ಲು

"ಆ ಮೇಜು ಮಾತ್ರ ಮುಟ್ಟಬೇಡಿ," ಎಂದಳು ಮಗಳು. ಎತ್ತಲು ಬಗ್ಗಿದ್ದ ಇಬ್ಬರೂ ಹಾಗೇ ನಿಂತರು.

"ಅಲ್ಲಮ್ಮ, ಮೇಜು ಸರಿಸದೆ ನಿಮ್ಮಪ್ಪನ್ನ ಹೊರಗೆ ತರೋದು ಹೇಗೆ?" ಎಂದ ಅವರಲ್ಲೊಬ್ಬ.

"ಪಕ್ಕದಲ್ಲಿ ಜಾಗ ಇದೆ. ಸ್ಟ್ರೆಚರ್ ಹಿಡಿಸುತ್ತೆ. ಅಳತೆ ನೋಡಿದ್ದೀನಿ."

ಅಪ್ಪನನ್ನು ಒಳಕೋಣೆಯಲ್ಲಿ ಮಲಗಿಸಿದ್ದರು. ಬೀದಿಗೆ ಹೋಗಬೇಕಾದರೆ ಮುಂದಿನ ಈ ಕೋಣೆ ದಾಟಲೇಬೇಕು. ಕೋಣೆಯೆಂದರೇನು, ಅಂಗಡಿಗಳ ತಕ್ಕಡಿ ರಿಪೇರಿ ಮಾಡುವ ಅವನ ಕಾರ್ಖಾನೆಯೇ ಅದು. ಗೋಡೆಯ ತುಂಬ ತಟ್ಟೆಗಳು, ಸರಪಳಿಗಳು, ಡಬ್ಬದ ತುಂಬ ತೂಕದ ಬಟ್ಟುಗಳು. ಬೀದಿಯವರು ಅವನನ್ನು ಮಿಲಿಗ್ರಾಂ ಮಾಮ ಎಂದೇ ಕರೆಯುತ್ತಿದ್ದರು. ಬಾಗಿಲ ಪಕ್ಕದ ಮೂಲೆಯ ಮೇಜಿನ ಮೇಲೆ, ಗಾಜಿನ ಪೆಟ್ಟಿಗೆಯೊಳಗೆ ಒಂದು ಸೂಕ್ಷ್ಮ ತಕ್ಕಡಿ. ಅದರ ಒಂದು ತೋಳಿಗೆ ತಟ್ಟೆಯ ಬದಲು ತಾಮ್ರದ ಮುಚ್ಚಿದ ಡಬ್ಬಿ.

"ಆ ಡಬ್ಬಿಯಿಂದಾನೇ ನಮ್ಮಣ್ಣನ ತಲೆ ಕೆಟ್ಟಿದ್ದು," ಎಂದಳು ಅತ್ತೆ, ಮೂಗು ಒರೆಸಿಕೊಳ್ಳುತ್ತ. "ಎಣ್ಣೆ ಬೇಡ, ಹೊಗೆ ಬೇಡ, ನಕ್ಷತ್ರಕ್ಕೆ ಹೋಗ್ಬಹುದು ಅಂತಿದ್ದ. ತಾನು ಮಾತ್ರ ಮೂಲೆ ಅಂಗಡಿಗೂ ಬಸ್ಸಲ್ಲೇ ಹೋಗ್ತಿದ್ದ. ಪಾಪ, ಕೊನೇವರೆಗೂ ಅದು ಕೆಲಸ ಮಾಡ್ತಿದೆ ಅಂತ ನಂಬ್ಕೊಂಡೇ ಹೋದ."

ನಿನ್ನೆ ಭಾನುವಾರ ಮಗಳು ಬಂದದ್ದೇ ನಿಜ ಹೇಳಿಬಿಡಬೇಕೆಂದು. ಬಾಗಿಲು ತೆರೆದಾಗ ಅಪ್ಪ ಸ್ಟೂಲಿನ ಪಕ್ಕದಲ್ಲಿ ಬಿದ್ದಿದ್ದ. ಅವನು ಸುಳ್ಳನ್ನು ನಂಬಿಕೊಂಡು ಸತ್ತ, ಆ ಸುಳ್ಳು ತನ್ನದು, ಇನ್ನು ಅದನ್ನು ಯಾರ ಮುಂದೆ ಒಪ್ಪಿಕೊಳ್ಳುವುದು? ನಿನ್ನೆಯಿಂದ ಅವಳ ತಲೆಯೊಳಗೆ ಇದೊಂದೇ ಸುತ್ತುತ್ತಿತ್ತು.

*

ಅಮ್ಮ ತೀರಿಕೊಂಡ ವರ್ಷ ಅಪ್ಪ ಮಾತು ಬಿಟ್ಟಿದ್ದ. ಒಂದು ದಿನ ಯಾವುದೋ ಪತ್ರಿಕೆಯಲ್ಲಿ ಓದಿದ: ರಾಕೆಟ್ಟು ಹಿಂದಕ್ಕೆ ಬೆಂಕಿ ಉಗುಳಿದರೆ ತಾನೇ ಮುಂದಕ್ಕೆ ಹೋಗುವುದು, ಆದರೆ ಮುಚ್ಚಿದ ತಾಮ್ರದ ಡಬ್ಬಿಯೊಳಗೆ ವಿದ್ಯುತ್ ಅಲೆಗಳನ್ನು ಪುಟಿಸಿದರೆ ಏನನ್ನೂ ಉಗುಳದೆ ಅದು ಮುಂದಕ್ಕೆ ತಳ್ಳಿಕೊಳ್ಳುತ್ತದಂತೆ. ಮಾರನೆಯ ದಿನವೇ ತಾಮ್ರದ ತಗಡು ಬಂತು.

ಮಗಳು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ನಕ್ಕಿದ್ದಳು.

"ಬಸ್ಸಿನೊಳಗೆ ಕೂತ್ಕೊಂಡು ಮುಂದಿನ ಸೀಟು ತಳ್ಳಿದ್ರೆ ಬಸ್ಸು ಹೋಗುತ್ತಾ ಅಪ್ಪಾ?"

"ಹೋಗಲ್ಲ."

"ಮತ್ತೆ?"

"ಹೋಗಲ್ಲ ಅಂತ ನೀನು ಎಷ್ಟು ಸಲ ತೂಗಿ ನೋಡಿದ್ದೀಯ?"

ಡಬ್ಬಿ ಸಿದ್ಧವಾಗಿ ಸ್ವಿಚ್ಚು ಒತ್ತಿದಾಗ ತಕ್ಕಡಿಯ ಮುಳ್ಳು ಒಂದು ಗೆರೆ ಸರಿದೇಬಿಟ್ಟಿತು. ಅಪ್ಪ ಎರಡು ಹೊತ್ತು ಊಟ ಮಾಡತೊಡಗಿದ. ಅವಳು ಸುಮ್ಮನಿರಬಾರದೇ? ಕಲಿತ ವಿದ್ಯೆ ಬಿಡಬೇಕಲ್ಲ. ಡಬ್ಬಿಗೆ ಹೋಗುವ ವೈರು ಬಿಸಿಯಾಗಿ ಉದ್ದವಾಗುತ್ತದೆ, ತಕ್ಕಡಿಯ ತೋಳನ್ನು ತಳ್ಳುವುದು ಅದೇ ಎಂದು ತೋರಿಸಿಕೊಟ್ಟಳು. ಅಪ್ಪ ವೈರು ಬದಲಿಸಿದ. ಮುಳ್ಳು ಸತ್ತು ಬಿತ್ತು. ಅಪ್ಪ ಮತ್ತೆ ಗೋಡೆ ನೋಡುತ್ತ ಕೂತ.

ಮುಂದಿನ ಭಾನುವಾರ ಅವನು ಸ್ಟೂಲಿನ ಮೇಲೆ ಕೂತು ಸುಮ್ಮನೆ ಎಂಬಂತೆ ಸ್ವಿಚ್ಚು ಒತ್ತುವಾಗ, ಅವಳು ಹೊಸ್ತಿಲಿಂದ ಒಳಗಿಳಿದು ಬಾಗಿಲ ಬಳಿಯ ಹಾಸುಗಲ್ಲಿನ ಮೇಲೆ ಎರಡೂ ಕಾಲಿಟ್ಟು ನಿಂತಳು. ಆ ಕಲ್ಲು ಕೂದಲೆಳೆಯಷ್ಟು ಅಲ್ಲಾಡುತ್ತಿತ್ತು. ಮೇಜಿನ ಒಂದು ಕಾಲು ಅದರ ಅಂಚಿನ ಮೇಲಿತ್ತು. ಮುಳ್ಳು ಒಂದೂವರೆ ಗೆರೆ ಸರಿಯಿತು. ಅಪ್ಪ ತಿರುಗಿ ಅವಳನ್ನೇ ನೋಡಿದ, ಬಹಳ ಹೊತ್ತು. ಆಮೇಲೆ ನಕ್ಕ. ಅಮ್ಮ ಹೋದಮೇಲೆ ಅವನು ನಕ್ಕದ್ದು ಅದೇ ಮೊದಲು.

ಆಮೇಲೆ ಎಂಟು ವರ್ಷ, ಒಂದು ಭಾನುವಾರವನ್ನೂ ತಪ್ಪಿಸದೆ, ಅವಳು ಬಂದು ಆ ಕಲ್ಲಿನ ಮೇಲೆ ನಿಂತಳು.

*

ಪಕ್ಕದ ಮನೆಯ ಮೇಸ್ತ್ರಿ ಒಂದು ಪುಟ್ಟಿ ಸಿಮೆಂಟು ಕಲಸಿಕೊಂಡು ಬಂದ.

"ಹೊರೋರು ಎಡವಬಾರದು ನೋಡು. ಈ ಕಲ್ಲಿಗೆ ಒಂದು ಗತಿ ಕಾಣಿಸ್ತೀನಿ," ಎಂದು ಬಾಗಿಲ ಬಳಿ ಕೂತ. "ಎಂಟು ವರ್ಷದ ಹಿಂದೇನೇ ಕೂರಿಸ್ತೀನಿ ಅಂದೆ. ನಿಮ್ಮಪ್ಪ ಬಿಡಲಿಲ್ಲ."

"ಯಾಕಂತೆ?"

"ಅದು ಅಲ್ಲಾಡ್ಲಿ ಮೇಸ್ತ್ರಿ, ಅದಕ್ಕೊಂದು ಕೆಲಸ ಇದೆ ಅಂದ. ಅಷ್ಟೇ ಅಲ್ಲ, ಸೋಮವಾರ ಬೆಳಿಗ್ಗೆ ಮೇಜಿನ ಕಾಲು ಕಲ್ಲಿಂದ ಆಚೆ ಇಡೋನು. ಶನಿವಾರ ಸಂಜೆ ಮತ್ತೆ ಕಲ್ಲಿನ ಮೇಲೆ ತಂದಿಡೋನು. ನನ್ನನ್ನೇ ಕರೀತಿದ್ದ, ಒಂದು ಕೈ ಹಾಕು ಅಂತ. ಹುಚ್ಚು ಅಂದ್ಕೊಂಡು ಹಾಕ್ತಿದ್ದೆ."

ಮಗಳು ಗೋಡೆಗೆ ಕೈ ಕೊಟ್ಟು ನಿಂತಳು. ಕೂದಲೆಳೆಯ ತೂಕವನ್ನು ಕಣ್ಣಳತೆಯಲ್ಲೇ ಹೇಳುತ್ತಿದ್ದ ಮನುಷ್ಯನಿಗೆ ನೆಲ ಅಲ್ಲಾಡುವುದು ತಿಳಿಯದೇ ಎಂಬ ಪ್ರಶ್ನೆ ಎಂಟು ವರ್ಷದಲ್ಲಿ ಒಮ್ಮೆಯೂ ಅವಳಿಗೆ ಹೊಳೆದಿರಲಿಲ್ಲ. ಓದಿದವರ ಬುದ್ಧಿಯೇ ಅಷ್ಟು.

"ಮೇಸ್ತ್ರಿ ಮಾಮ, ಒಂದ್ನಿಮಿಷ ನಿಲ್ಲಿಸಿ," ಎಂದು ಮೇಜಿನ ಡ್ರಾಯರು ಎಳೆದಳು.

ಅಪ್ಪ ದಿನಾ ಮುಳ್ಳಿನ ಲೆಕ್ಕ ಬರೆದಿಡುತ್ತಿದ್ದ ಪುಸ್ತಕವನ್ನು ಅವಳು ಎಂದೂ ಮುಟ್ಟಿರಲಿಲ್ಲ. ಮುಟ್ಟಲು ನಾಚಿಕೆ, ಅದರ ತುಂಬ ತನ್ನ ಸುಳ್ಳೇ ಇರುತ್ತದಲ್ಲ ಎಂದು. ತೆರೆದಳು. ಸೋಮವಾರ, ಡಬ್ಬಿ: ಸೊನ್ನೆ. ನಾಳೆ ತಿರುಗಿಸಿಟ್ಟು ನೋಡಬೇಕು. ಮಂಗಳವಾರ, ಡಬ್ಬಿ: ಸೊನ್ನೆ. ಒಳಗೆ ಇನ್ನೊಂದು ತಗಡು ಹಾಕಿ ನೋಡಬೇಕು. ಪುಟದ ಮೇಲೆ ಪುಟ, ಸೊನ್ನೆಯ ಕೆಳಗೆ ಸೊನ್ನೆ, ಪ್ರತಿ ಸೊನ್ನೆಯ ಮುಂದೆ ಒಂದು ನಾಳೆ. ಭಾನುವಾರಗಳಲ್ಲಿ ಮಾತ್ರ ಎರಡು ಸಾಲು.

ಭಾನುವಾರ. ಡಬ್ಬಿ: ಸೊನ್ನೆ. ಮಗಳು: ಒಂದೂವರೆ.

ಹಾಳೆ ಮಗುಚಿದಳು. ಮಗಳು: ಒಂದೂವರೆ. ಮಗಳು: ಒಂದೂವರೆ. ಮಗಳು: ಒಂದೂವರೆಗೆ ಕೂದಲೆಳೆ ಕಡಿಮೆ, ಪರೀಕ್ಷೆಯ ಕೆಲಸದಲ್ಲಿ ಊಟ ಬಿಟ್ಟಿದ್ದಾಳೆ, ಕೇಳಿದರೆ ರೇಗುತ್ತಾಳೆ. ಮೂರು ವರ್ಷದ ಹಿಂದಿನ ಪುಟಕ್ಕೆ ಬಂದಳು.

ಮಗಳು: ಒಂದೂವರೆಗಿಂತ ಕೂದಲೆಳೆ ಹೆಚ್ಚು. ನಾಲ್ಕು ವಾರದಿಂದ ಏರುತ್ತಿದೆ. ಅವಳೇ ಹೇಳಲಿ. ನಾನು ಕೇಳಬಾರದು.

ಅದರ ಮುಂದಿನ ಭಾನುವಾರ: ಮಗಳು: ಒಂದೂವರೆಗೂ ಕಡಿಮೆ. ಅಯ್ಯೋ ಕಂದ.

ಅದು ಅವಳಿಗೂ ಗಂಡನಿಗೂ ಆಸ್ಪತ್ರೆಯವರಿಗೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ನಾಲ್ಕನೆಯ ತಿಂಗಳು. ಹೊಟ್ಟೆ ಕಾಣುವ ಮೊದಲೇ ಹೋಗಿದ್ದ ಮಗು. ಆ ಭಾನುವಾರ ಅಪ್ಪ ಮುಳ್ಳು ನೋಡಿದವನು ತಟಕ್ಕನೆ ಸ್ವಿಚ್ಚು ಆರಿಸಿದ್ದ. ಕುರ್ಚಿ ತಂದಿಟ್ಟು, "ಇವತ್ತು ಡಬ್ಬಿ ಬೇಡ, ನೀನು ಕೂತ್ಕೋ," ಎಂದಿದ್ದ. ಬಿಸಿ ಹಾಲು ಕೊಟ್ಟು, ಅವಳು ಲೋಟ ಖಾಲಿ ಮಾಡುವವರೆಗೂ ಎದುರಿಗೆ ನೆಲದ ಮೇಲೆ ಕೂತಿದ್ದ. ವಯಸ್ಸಾಯಿತು, ಮನಸ್ಸು ನಿಲ್ಲುತ್ತಿಲ್ಲ ಪಾಪ ಎಂದುಕೊಂಡಿದ್ದಳು ಅವಳು.

"ಏನಮ್ಮ, ಏನು ಬರ್ದಿದ್ದಾನೆ?" ಅತ್ತೆ ಕೇಳಿದಳು.

"ಅಪ್ಪಂಗೆ ಗೊತ್ತಿತ್ತು ಅತ್ತೆ."

"ಏನು ಗೊತ್ತಿತ್ತು?"

"ಎಲ್ಲಾ."

ಮೇಸ್ತ್ರಿ ಅವಳ ಕೈಯಿಂದ ಪುಸ್ತಕ ತೆಗೆದುಕೊಂಡು ಓದಿದ. ಕಲ್ಲಿನ ಕಡೆ ನೋಡಿದ, ಅವಳ ಕಾಲಿನ ಕಡೆ ನೋಡಿದ. ಪುಸ್ತಕ ಅವಳ ಕೈಗೆ ಕೊಟ್ಟು, ಪುಟ್ಟಿಯನ್ನು ಮೆಲ್ಲಗೆ ಹೊರಗಿಟ್ಟು ಬಂದ.

ಕೊನೆಯ ಪುಟದಲ್ಲಿ ನಿನ್ನೆಯ ತಾರೀಖಿತ್ತು. ಅಪ್ಪ ಮುಂಚೆಯೇ ಬರೆದಿಟ್ಟುಕೊಂಡಿದ್ದ. ಡಬ್ಬಿ, ಮಗಳು. ಎರಡರ ಮುಂದೂ ಖಾಲಿ.

ಅವಳು ಸ್ಟೂಲಿನ ಮೇಲೆ ಕೂತಳು. ಅಪ್ಪನಿದ್ದಾಗ ಒಮ್ಮೆಯೂ ಕೂತವಳಲ್ಲ. "ಸ್ವಲ್ಪ ಹೊತ್ತು ಯಾರೂ ಅಲ್ಲಾಡಬೇಡಿ," ಎಂದು ಸ್ವಿಚ್ಚು ಒತ್ತಿದಳು. ಡಬ್ಬಿ ಸಣ್ಣಗೆ ಗುಂಯ್‌ಗುಟ್ಟಿತು. ಎಲ್ಲರೂ ಉಸಿರು ಬಿಗಿಹಿಡಿದರು, ಅತ್ತೆ ಕೂಡ. ಹೋಗುವುದಿಲ್ಲ ಎಂದು ಚೆನ್ನಾಗಿ ಗೊತ್ತಿದ್ದವಳು, ಹೋಗಲಿ, ಇವತ್ತೊಂದು ದಿನ ಹೋಗಲಿ ಎಂದು ಮುಳ್ಳಿನ ತುದಿಯನ್ನೇ ನೋಡಿದಳು. ಮುಳ್ಳು ಮಿಸುಕಲಿಲ್ಲ. ಡಬ್ಬಿ: ಸೊನ್ನೆ ಎಂದು ಬರೆದಳು.

ಒಳಗಿನಿಂದ ನಾಲ್ವರು ಅಪ್ಪನನ್ನು ಹೊತ್ತು ತಂದರು. ಮೇಜಿನ ಪಕ್ಕ ಹಾದು ಬಾಗಿಲ ಬಳಿಯ ಕಲ್ಲು ತುಳಿದಾಗ ಮುಳ್ಳು ಎಲ್ಲ ಗೆರೆ ದಾಟಿ ತುದಿಯ ಮೊಳೆಗೆ ಟಣ್ಣೆಂದು ಬಡಿಯಿತು. ಅವರು ಬೀದಿಗಿಳಿದರು. ಮುಳ್ಳು ನಡುಗುತ್ತ ನಡುಗುತ್ತ ಸೊನ್ನೆಗೆ ಬಂದು ನಿಂತಿತು.

"ಬಾರಮ್ಮ, ವ್ಯಾನು ಕಾಯ್ತಿದೆ," ಎಂದು ಅತ್ತೆ ಹೊರಗಿನಿಂದ ಕರೆದಳು.

ಮಗಳು ಎದ್ದು ಬಾಗಿಲವರೆಗೆ ಹೋದಳು. ಕಲ್ಲಿನ ಮೇಲೆ ಎರಡೂ ಕಾಲಿಟ್ಟು ನಿಂತಳು. ಅಲ್ಲಿಂದ ಮುಳ್ಳು ಕಾಣುವುದಿಲ್ಲ.

"ಮೇಸ್ತ್ರಿ ಮಾಮ, ಸ್ವಲ್ಪ ನೋಡಿ ಹೇಳ್ತೀರಾ?"

ಮೇಸ್ತ್ರಿ ಸ್ಟೂಲಿನ ಮೇಲೆ ಕೂತು, ಕನ್ನಡಕ ಹಣೆಗೇರಿಸಿ, ಗಾಜಿಗೆ ಮೂಗು ತಾಗುವಷ್ಟು ಬಗ್ಗಿದ. ನೋಡಿದ, ಇನ್ನೊಮ್ಮೆ ನೋಡಿದ. ಸಿಮೆಂಟು ಒಣಗಿದ ಬೆರಳಲ್ಲಿ ಪೆನ್ಸಿಲು ಹಿಡಿದು, ಮಗಳು ಎಂಬುದರ ಮುಂದೆ ನಿಧಾನವಾಗಿ ಒಂದೂವರೆ ಎಂದು ಬರೆದ.

"ಬರ್ದೆ ಕಣಮ್ಮ," ಎಂದ.

ಅವಳು ಕಲ್ಲಿನಿಂದ ಇಳಿಯಲಿಲ್ಲ.